ಅಜ್ಜಿಯ ಕೆಂಪು ಸೀರೆ, ಕಡಲ ದಡದ ಎರಡು ರಾತ್ರಿ

ಮಗನಿಗೆ ಆಗ ಏಳು ತಿಂಗಳು, ಮಗಳಿಗೆ ನಾಲ್ಕು ವರ್ಷ. ಡಿಸೆಂಬರಿನ ಕೊನೆಯಲ್ಲಿ ಕಾಪು ಮತ್ತು ಪಡುಬಿದ್ರಿಯ ನಡುವೆ ಕಡಲ ದಡದಲ್ಲಿ ಒಂದು ಸಣ್ಣ ಸಂಗೀತ ಉತ್ಸವ ನಡೆಯುವುದಿತ್ತು. ಎರಡು ರಾತ್ರಿ, ಗಾಳಿಮರದ ತೋಪಿನ ಕೆಳಗೆ ಟೆಂಟು, ಸಂಜೆಯಿಂದ ಹಾಡು. ನಾವು ನಾಲ್ವರೂ ಹೋಗುತ್ತೇವೆ ಎಂದು ರಾತ್ರಿ ಊಟದ ಹೊತ್ತಿಗೆ ಹೇಳಿದೆ.

"ಮಂಜು ಬೀಳ್ತದೆ ಮಾರಾಯ್ತಿ. ಕೂಸಿಗೆ ಶೀತ ಆದ್ರೆ?" ಅಂದರು ಅತ್ತೆ. ಮಾವ ತಟ್ಟೆಯಿಂದ ತಲೆ ಎತ್ತದೆ, "ಇಂಥದಕ್ಕೆಲ್ಲ ಮಕ್ಕಳು ದೊಡ್ಡವಾದ ಮೇಲೆ ಹೋದರಾಗದಾ?" ಎಂದು ಕೇಳಿದರು. ಇಬ್ಬರ ಮಾತಿನಲ್ಲೂ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆ ಹೆದರಿಕೆ ನನ್ನೊಳಗೂ ಇತ್ತು. ಹಾಗಾಗಿ ಉತ್ತರ ಕೊಡಲಿಲ್ಲ.

ಉತ್ತರ ಬಂದದ್ದು ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯಿಂದ, ಮಾವನ ತಾಯಿಯಿಂದ. "ನಿನ್ನನ್ನು ಮೂರು ತಿಂಗಳಲ್ಲಿ ಆಟಕ್ಕೆ ಹೊತ್ತುಕೊಂಡು ಹೋಗಿದ್ದೆ ಮಗಾ. ಬೆಳಗಿನ ತನಕ ಗದ್ದೆಯಲ್ಲೇ ಮಲಗಿದ್ದಿ. ನಿನಗೆ ಈಗ ಎಂತ ಆಗಿದೆ?"

ಮಾವ ಮತ್ತೇನೂ ಹೇಳಲಿಲ್ಲ. ಮರುದಿನ ಅವರೇ ಅಟ್ಟದಿಂದ ಸೊಳ್ಳೆಪರದೆ ಇಳಿಸಿ ಬಿಸಿಲಿಗೆ ಹಾಕಿದರು.

ಆಟ ಅಂದರೆ ನಮ್ಮಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ. ಅಜ್ಜಿಯ ಆ ಮಾತನ್ನು ಹಿಡಿದುಕೊಂಡೇ ನಾನು ಇಷ್ಟು ದಿನ ಯೋಚಿಸಿದ್ದೇನೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹುಟ್ಟಿದವರಿಗೆ ಶಿಶುವನ್ನು ಎತ್ತಿಕೊಂಡು ಬಯಲಿನಲ್ಲಿ ರಾತ್ರಿ ಕಳೆಯುವುದು ಹೊಸ ಸಂಗತಿಯೇ ಅಲ್ಲ. ದೀಪಾವಳಿ ಕಳೆದು ಮೇಳಗಳು ದೇವಸ್ಥಾನದಿಂದ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಒಂದಲ್ಲ ಒಂದು ಊರಿನ ಕೊಯ್ದ ಗದ್ದೆಯಲ್ಲಿ ಆಟ ಇದ್ದೇ ಇರುತ್ತದೆ. ಸಂಜೆ ಆಟದ ಸುದ್ದಿ ಸಾರಲು ಬಡಿಯುವ ಚೆಂಡೆಯ ಸದ್ದು ಕೇಳಿದರೆ ಮನೆಯವರೆಲ್ಲ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಮುದುಕರು, ಬಾಣಂತನ ಮುಗಿಸಿ ಆಗಷ್ಟೇ ಹೊರಬಂದವರು, ಹಾಲು ಕುಡಿಯುವ ಕೂಸುಗಳು, ಎಲ್ಲರೂ. ಕೋಡಂಗಿ ಬಂದು, ಬಾಲಗೋಪಾಲರು ಕುಣಿದು, ಸ್ತ್ರೀವೇಷ ಮುಗಿಯುವ ಹೊತ್ತಿಗೆ ಸಣ್ಣ ಮಕ್ಕಳ ಅರ್ಧ ಸಾಲು ನಿದ್ದೆಗೆ ಜಾರಿರುತ್ತಿತ್ತು. ಮಧ್ಯರಾತ್ರಿ ಕಳೆದು ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ತಾಯಂದಿರು ಮಕ್ಕಳನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದರು: "ಏಳು ಮಗಾ, ಮಹಿಷಾಸುರ ಬಂದ." ದೊಂದಿಯ ಬೆಳಕು, ರಾಳದ ಪುಡಿ ಭಗ್ಗೆಂದು ಹತ್ತಿಕೊಳ್ಳುವುದು, ಜನರ ನಡುವಿನಿಂದಲೇ ಆರ್ಭಟಿಸುತ್ತಾ ರಂಗಸ್ಥಳಕ್ಕೆ ನುಗ್ಗುವ ಮಹಿಷ. ನನಗೆ ನೆನಪಿರುವ ಮೊದಲ ಹೆದರಿಕೆ ಅದು. ಆ ಹೆದರಿಕೆಯ ಹೊತ್ತಿಗೆ ಮುಖ ಹುದುಗಿಸಿಕೊಂಡ ಅಮ್ಮನ ಸೆರಗಿನ ವಾಸನೆಯೂ ನೆನಪಿದೆ.

ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಪರ್ಯಾಯದ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬದ, ಮೆರವಣಿಗೆ ಹೊರಡುವಾಗ ಉಡುಪಿಯ ರಸ್ತೆ ಬದಿಯಲ್ಲಿ ನೋಡಿ. ಅಪ್ಪಂದಿರ ಹೆಗಲ ಮೇಲೆ ಕುಲಾವಿ ಹಾಕಿದ ತಲೆಗಳು ಸಾಲಾಗಿ ಕಾಣುತ್ತವೆ. ಯಾರೂ ಯಾರನ್ನೂ "ಇಲ್ಲಿಗೆ ಮಗುವನ್ನು ಯಾಕೆ ತಂದಿರಿ?" ಎಂದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ನಾನು ಮೊದಲು ಕೇಳಿಸಿಕೊಂಡದ್ದು ಆ ಉತ್ಸವದ ಪ್ರವೇಶದ್ವಾರದಲ್ಲಿ. ನಮ್ಮ ಹಿಂದೆ ನಿಂತ ಹುಡುಗನೊಬ್ಬ ತನ್ನ ಗೆಳೆಯನಿಗೆ ಮೆಲ್ಲಗೆ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಎಂದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಎದೆಗೆ ಕಟ್ಟಿಕೊಂಡಿದ್ದ ಮಗನ ಬೆನ್ನ ಮೇಲೆ ನನ್ನ ಕೈ ತಾನಾಗಿಯೇ ಬಿಗಿಯಾಯಿತು.

ಅದಕ್ಕಿಂತ ಮುಂಚಿನ ತಯಾರಿಯ ಕಥೆ ಹೇಳಬೇಕು, ಯಾಕೆಂದರೆ ಅರ್ಧ ಶಿಬಿರ ನಡೆಯುವುದು ಮನೆಯಲ್ಲೇ.

ನನಗೆ ಮಂಜಿನ ಹೆದರಿಕೆಗಿಂತ ಸದ್ದಿನ ಹೆದರಿಕೆ ಹೆಚ್ಚಿತ್ತು. ಕಿವಿಯ ಒಳಗಿನ ಶಂಖದಲ್ಲಿರುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ದೊಡ್ಡವರ ಕೆಲಸದ ಜಾಗಕ್ಕೆ ಹಾಕಿಕೊಂಡ ಮಿತಿ 85 ಡೆಸಿಬೆಲ್, ಅದೂ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, ಹೀಗೆ ಲೆಕ್ಕ ಹಾಕುತ್ತಾ ಹೋದರೆ 100 ಡೆಸಿಬೆಲ್‌ಗೆ ಉಳಿಯುವುದು ಬರೀ 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆಂದೇ ಒಂದು ಮಾನದಂಡ ಹೊರಡಿಸಿ, ಸರಾಸರಿ 100 ಡೆಸಿಬೆಲ್ ದಾಟಬಾರದು ಎಂದಿತು. ಇದೆಲ್ಲ ದೊಡ್ಡವರ ಕಿವಿಯ ಲೆಕ್ಕ. ಶಿಶುವಿನ ಕಿವಿಯ ಕೊಳವೆ ಸಣ್ಣದು. ಅದೇ ಸದ್ದು ಅಲ್ಲಿ, ಅದರಲ್ಲೂ ಕೀರಲು ದನಿ, ಇನ್ನಷ್ಟು ಒತ್ತಡದಿಂದ ಬೀಳುತ್ತದೆ.

ಕಿವಿಗೆ ಹತ್ತಿ ಇಟ್ಟು ಕುಲಾವಿ ಕಟ್ಟಿದರೆ ಸಾಕು ಎಂಬುದು ಅತ್ತೆಯ ಸಲಹೆ. ಹತ್ತಿ ಗಾಳಿಯನ್ನು ತಡೆದೀತು, ಸದ್ದನ್ನು ಅಷ್ಟಾಗಿ ತಡೆಯದು. ಸ್ಪಂಜಿನ ಬಿರಡೆಗಳು ಕೂಸುಗಳಿಗೆ ಬೇಡವೇ ಬೇಡ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇಡೀ ಕಿವಿಯನ್ನು ಮುಚ್ಚುವ, ತಲೆಯ ಸುತ್ತ ಮೆತ್ತನೆಯ ಪಟ್ಟಿ ಬರುವ ಇಯರ್ ಮಫ್ ಒಂದೇ ದಾರಿ. ತರಿಸಿ, ಹತ್ತು ದಿನ ಮನೆಯಲ್ಲೇ ಅಭ್ಯಾಸ ಮಾಡಿಸಿದೆವು. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ತಿರುಗಿಸುವ ಹೊತ್ತಿಗೆ ಮಗನಿಗೆ ಅದನ್ನು ಹಾಕುವುದು. ಮೊದಲ ಮೂರು ದಿನ ಕಿತ್ತೆಸೆದ. ನಾಲ್ಕನೆಯ ದಿನ ಅಕ್ಕ ತಾನೂ ಒಂದು ಹಾಕಿಕೊಂಡು ಎದುರು ಕೂತಳು. ಆಮೇಲೆ ಕಿರಿಕಿರಿ ಮಾಡಲಿಲ್ಲ.

ಆದರೂ ಮಫ್ ಹಾಕಿದ್ದೇವೆ ಎಂದು ಸ್ಪೀಕರಿನ ಬುಡದಲ್ಲಿ ಕೂರಬಾರದು. ಕೂಸಿಗೆ ದೂರಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಬಯಲಿನಲ್ಲಿ ಸದ್ದಿನ ಮೂಲದಿಂದ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿ 100 ಇದ್ದದ್ದು ನೂರಾರವತ್ತು ಮೀಟರಿಗೆ 76ರ ಹತ್ತಿರ ಬರುತ್ತದೆ. ಬಾಸ್ ಸದ್ದು ಮಾತ್ರ ಇಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ನಾವೆಲ್ಲ ತಪ್ಪಾಗಿ ತಿಳಿದಿದ್ದೇವೆ. "ಎಷ್ಟು ಚೆಂಡೆ ಬಡಿದರೂ ನಮ್ಮ ಮಗು ಎಚ್ಚರಾಗಲಿಲ್ಲ, ಹಾಗಾಗಿ ತೊಂದರೆ ಇಲ್ಲ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಮಗು ಮಲಗಿದ್ದರೂ ಸದ್ದು ಕಿವಿಯೊಳಗೆ ಹೋಗುತ್ತಲೇ ಇರುತ್ತದೆ, ತನ್ನ ಪೆಟ್ಟು ಕೊಡುತ್ತಲೇ ಇರುತ್ತದೆ. ಟೆಂಟಿನ ಬಟ್ಟೆ ಅದನ್ನು ತಡೆಯುವುದಿಲ್ಲ.

ಅಜ್ಜಿಯ ಕಾಲದ ಆಟಕ್ಕೂ ಇಂದಿನದ್ದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗೆ ಅನ್ನಿಸಿದೆ. ಅವರು ಮದುವೆಯಾಗಿ ಬಂದ ಕಾಲಕ್ಕೆ ಊರಿನ ಆಟಕ್ಕೆ ಗ್ಯಾಸ್‌ಲೈಟು ಇತ್ತು, ಮೈಕ್ ಇರಲಿಲ್ಲವಂತೆ. ಭಾಗವತರ ಗಂಟಲು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಸಭೆ. ಕೂಸು ಇದ್ದವರು ಚೆಂಡೆಯಿಂದ ದೂರ, ಗದ್ದೆಯ ಹುಣಿಯ ಬದಿಗೆ ಚಾಪೆ ಹಾಸುತ್ತಿದ್ದರು. ಅಲ್ಲಿ ಕತ್ತಲೂ ಇತ್ತು, ಹಾಲೂಡಿಸಲು ಮರೆಯೂ ಇತ್ತು, ಪಕ್ಕದಲ್ಲಿ ಇನ್ನೊಬ್ಬ ತಾಯಿಯೂ ಇರುತ್ತಿದ್ದಳು.

ಮರಳಿನ ಮೇಲೆ ಟೆಂಟು ಹಾಕುವುದು ಬೇರೆಯೇ ವಿದ್ಯೆ. ಗೂಟ ಹೊಡೆದರೆ ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿದ ಹಾಗೆ, ಮಧ್ಯಾಹ್ನದ ಕಡಲ ಗಾಳಿಗೆ ಎದ್ದು ಬರುತ್ತದೆ. ನನ್ನ ಗಂಡ ಅಕ್ಕಿಯ ಖಾಲಿ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕಾಲು ಆಳಕ್ಕೆ ಹೂತರು. ಅದು ಎರಡು ದಿನವೂ ಕದಲಲಿಲ್ಲ. ತೆಂಗಿನ ಮರದ ಬುಡದಲ್ಲಿ ನೆರಳು ಚೆನ್ನಾಗಿತ್ತು, ಅಲ್ಲಿ ಟೆಂಟು ಹಾಕಿದವರೂ ಇದ್ದರು. ಕರಾವಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ: ಕಾಯಿ, ಮಡಲು ಬೀಳುವ ಮರದಡಿ ಮಗುವನ್ನು ಮಲಗಿಸಬೇಡಿ. ನಾವು ಗಾಳಿಮರದ ತೋಪಿನ ಒಳಗೆ, ವೇದಿಕೆಯಿಂದ ಅತಿ ದೂರದ ಮೂಲೆ ಆರಿಸಿಕೊಂಡೆವು. ಅಲ್ಲಿಂದ ದಕ್ಷಿಣಕ್ಕಾಗಲಿ ಉತ್ತರಕ್ಕಾಗಲಿ ನೋಡಿದರೆ ಟೆಂಟುಗಳೆಲ್ಲ ಒಂದೇ ಥರ, ಒಂದೇ ನೀಲಿ. ಹೊರಡುವಾಗ ಅಜ್ಜಿ ತನ್ನದೊಂದು ಹಳೆಯ ಕೆಂಪು ನೂಲಿನ ಸೀರೆಯನ್ನು ಚೀಲಕ್ಕೆ ತುರುಕಿದ್ದರು, "ಜೋಲಿಗಾಗ್ತದೆ" ಎಂದು. ರಾತ್ರಿ ಜೋಲಿ ಬೇಡವಾದ್ದರಿಂದ ಅದನ್ನು ಟೆಂಟಿನ ನೆತ್ತಿಯಿಂದ ಹತ್ತಿರದ ಗಾಳಿಮರಕ್ಕೆ ತೋರಣದ ಹಾಗೆ ಕಟ್ಟಿದೆ. ಮಗಳು ಅದಕ್ಕೆ "ಅಜ್ಜಿ ಸೀರೆಯ ಮನೆ" ಎಂದು ಹೆಸರಿಟ್ಟಳು.

ಬಾಡಿಗೆಗೆ ಕೊಟ್ಟ ಟೆಂಟಿನೊಳಗೆ ಗಾಳಿ ತುಂಬಿದ ಹಾಸಿಗೆ ಇತ್ತು. ಅದು ದೊಡ್ಡವರಿಗೆ ಸರಿ. ಕೂಸು ಅದರಲ್ಲಿ ಹೂತುಹೋಗಿ ಮೂಗು ಮುಚ್ಚಿಕೊಳ್ಳಬಹುದು. ಮರಳನ್ನು ಕೈಯಿಂದ ಸಪಾಟು ಮಾಡಿ, ಚಾಪೆ ಹಾಸಿ, ಮೇಲೊಂದು ತೆಳು ಹತ್ತಿಯ ಬಟ್ಟೆ ಬಿಗಿಯಾಗಿ ಎಳೆದು, ಅಂಗಾತ ಮಲಗಿಸಿದೆ. ದಿಂಬಿಲ್ಲ, ಸಡಿಲ ಹೊದಿಕೆ ಇಲ್ಲ. ಡಿಸೆಂಬರಿನಲ್ಲೂ ನಮ್ಮಲ್ಲಿ ರಾತ್ರಿ ಅಂಥ ಕೊರೆಯುವ ಚಳಿ ಇರುವುದಿಲ್ಲ. ನಾವು ಕೂಸುಗಳಿಗೆ ಚಳಿ ಎಂದು ಹೆಚ್ಚು ಬಟ್ಟೆ ಹೊದಿಸುವವರು. ಆದರೆ ಮಲಗಿದ ಕೂಸಿಗೆ ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯವೇ. ಕುತ್ತಿಗೆಯ ಹಿಂದೆ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಬೇಕು.

ಮತ್ತೆ ಸೊಳ್ಳೆ. ಮಂಗಳೂರು ಮಲೇರಿಯಾಕ್ಕೆ ಹೆಸರಾದ ಊರು, ಉಡುಪಿಗೂ ಡೆಂಗಿ ಹೊಸದಲ್ಲ. ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚುತ್ತದೆ, ಡೆಂಗಿಯದ್ದು ಹಗಲು. ಹಾಗಾಗಿ ಹಗಲು ನಿದ್ದೆಗೂ ಪರದೆ ಬೇಕು. ಪಕ್ಕದ ಟೆಂಟಿನವರು ಒಳಗೇ ಸೊಳ್ಳೆ ಕಾಯಿಲ್ ಹಚ್ಚಲು ಹೊರಟಾಗ ನನ್ನ ಗಂಡ ಹೋಗಿ ಬೇಡ ಎಂದರು. ಅತ್ತೆ ಕೂಡ ಪುಟ್ಟ ಧೂಪದ ಬಟ್ಟಲು ಕಳಿಸಿದ್ದರು, ಸ್ನಾನವಾದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ತೋರಿಸಲು. ಅದನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಮುಚ್ಚಿದ ಟೆಂಟಿನಲ್ಲಿ ಕೆಂಡ ಇಟ್ಟರೆ ಬೆಂಕಿ ಹತ್ತಿಕೊಳ್ಳುವುದು ಒಂದು ಅಪಾಯ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವುದು ಇನ್ನೊಂದು. ನಿದ್ದೆಯಲ್ಲಿದ್ದವರಿಗೆ ಅದು ಗೊತ್ತೇ ಆಗುವುದಿಲ್ಲ.

ಮೊದಲ ಸಂಜೆ ಆರೂ ಕಾಲಿನ ಹೊತ್ತಿಗೆ ಸೂರ್ಯ ಮುಳುಗಿದ. ಹಾಡು ಶುರುವಾಯಿತು. ಮಗನಿಗೆ ಮಫ್ ಹಾಕಿ, ಜನರ ಹಿಂದೆ, ಬಹಳ ಹಿಂದೆ ನಿಂತೆವು. ನಲವತ್ತು ನಿಮಿಷ. ಅಷ್ಟರ ಮೇಲೆ ಪಟ್ಟಿಯ ಕೆಳಗೆ ಬೆವರಿ ಅವನಿಗೆ ಸಂಕಟವಾಗುವುದು ಮನೆಯಲ್ಲೇ ಗೊತ್ತಾಗಿತ್ತು. ಮಗಳು ಅಪ್ಪನ ಹೆಗಲೇರಿ ಬೆಳಕು ನೋಡುತ್ತಾ ಬಾಯಿ ತೆರೆದುಕೊಂಡಿದ್ದಳು. ನಾನು ಎಷ್ಟೋ ತಿಂಗಳ ನಂತರ ಜನರ ನಡುವೆ ನಿಂತು ಹಾಡು ಕೇಳುತ್ತಿದ್ದೆ. ಹೆರಿಗೆಯಾದ ಮೇಲೆ ಏಳು ತಿಂಗಳು ನನ್ನ ಪ್ರಪಂಚ ಒಂದು ಕೋಣೆ, ಒಂದು ಜಗಲಿ, ತಿಂಗಳಿಗೊಮ್ಮೆ ಮಕ್ಕಳ ಡಾಕ್ಟರ ಬಳಿ ಕಾಯುವ ಬೆಂಚು. ಎಲ್ಲರೂ ಪ್ರೀತಿಯಿಂದಲೇ ನೋಡಿಕೊಂಡಿದ್ದರು. ಆದರೂ ಕೊಳಲು ಶುರುವಾದಾಗ ಕಣ್ಣಲ್ಲಿ ನೀರು ಬಂತು. ಯಾಕೆಂದು ಗಂಡ ಕೇಳಲಿಲ್ಲ, ನೀರಿನ ಬಾಟಲಿ ಕೊಟ್ಟರು.

ಹಾಲೂಡಿಸಲು ಜಾಗ ಕೇಳಿದಾಗ ಸ್ವಯಂಸೇವಕರೊಬ್ಬರು ತಬ್ಬಿಬ್ಬಾಗಿ ಶೌಚಾಲಯದ ಕಡೆ ಕೈ ತೋರಿಸಿದರು. ಇದು ನನ್ನನ್ನು ಬಹಳ ನೋಯಿಸಿತು. ಅಷ್ಟು ಜನರಿಗೆ ಊಟದ ಅಂಗಡಿ, ಫೋಟೊ ತೆಗೆಸಿಕೊಳ್ಳಲು ಹೂವಿನ ಚೌಕಟ್ಟು, ಫೋನು ಚಾರ್ಜ್ ಮಾಡಲು ಮೇಜು ಎಲ್ಲ ಯೋಚಿಸಿದ್ದರು. ಒಬ್ಬ ತಾಯಿ ಬರಬಹುದು ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಒಂದು ಸೀರೆಯಷ್ಟು ಪರದೆ, ಎರಡು ಕುರ್ಚಿ, ಕೈ ತೊಳೆಯಲು ನೀರು. ಅದಕ್ಕೆ ಏನು ಖರ್ಚು?

ಬ್ರಿಸ್ಟಲ್‌ನಲ್ಲಿರುವ ನನ್ನ ಕಾಲೇಜು ಗೆಳತಿ ಅಲ್ಲಿನ ಉತ್ಸವಗಳಿಗೆ ಎರಡು ಮಕ್ಕಳನ್ನು ಕರೆದುಕೊಂಡು ಹೋಗುತ್ತಾಳೆ. ನಾಲ್ಕು ಚಕ್ರದ ಗಾಡಿಯೊಳಗೆ ಹಾಸಿಗೆ ಹಾಸಿ, ಮೇಲೆ ಬಟ್ಟೆಯ ಚಪ್ಪರ ಮಾಡಿ, ಬಣ್ಣದ ದೀಪದ ಸರ ಸುತ್ತಿ ಎಳೆದುಕೊಂಡು ಹೋಗುವ ಫೋಟೊ ಕಳಿಸಿದ್ದಳು. ಮಕ್ಕಳು ಅದರಲ್ಲೇ ನಿದ್ದೆ. ಗ್ಲಾಸ್ಟನ್‌ಬರಿಯಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ ಪ್ರವೇಶ, ಅವರಿಗೆಂದೇ ಒಂದು ಬೇರೆ ಬಯಲೂ ಇದೆ. ಮೈಕೆಲ್ ಈವಿಸ್ ಎಂಬ ಹೈನುಗಾರ ರೈತ 1970ರಲ್ಲಿ ತನ್ನ ಹೊಲದಲ್ಲಿ ಅದನ್ನು ಮೊದಲು ನಡೆಸಿದಾಗ ಟಿಕೆಟು ಒಂದು ಪೌಂಡು, ಜೊತೆಗೆ ಹಸುವಿನ ಹಾಲು ಉಚಿತ. 2008ರಲ್ಲಿ ಶುರುವಾದ ಕ್ಯಾಂಪ್ ಬೆಸ್ಟಿವಲ್ ಅಂತೂ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟೇ ಕಟ್ಟಿದ್ದು. ನಮ್ಮ ದೇಶದಲ್ಲೂ ಅರುಣಾಚಲದ ಝೀರೋ ಕಣಿವೆಯಲ್ಲಿ 2012ರಿಂದ ಜನ ಟೆಂಟು ಹಾಕಿ ಸಂಗೀತ ಕೇಳುತ್ತಿದ್ದಾರೆ. ಗೆಳತಿ ಇದನ್ನೆಲ್ಲ ಹೇಳಿದಾಗ ನನಗೆ ಅಸೂಯೆಗಿಂತ ಬೇಸರವಾಯಿತು. ಕೂಸುಗಳಿಗೆ ಬಯಲಿನಲ್ಲಿ ಜಾಗ ಬಿಟ್ಟುಕೊಡುವುದು ನಮಗೆ ಮೊದಲೇ ಗೊತ್ತಿತ್ತಲ್ಲ? ಗದ್ದೆಯ ಆಟಕ್ಕೆ ಟಿಕೆಟೂ ಇರಲಿಲ್ಲ.

ರಾತ್ರಿ ಹತ್ತಕ್ಕೆ ವೇದಿಕೆ ಮೌನವಾಯಿತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರಕಾರ ವಿನಾಯಿತಿ ಕೊಡಬಹುದು. ನಮ್ಮ ಯಕ್ಷಗಾನ ಮೇಳಗಳಲ್ಲಿ ಕಾಲಮಿತಿಯ ಆಟದ ಚರ್ಚೆ ಜೋರಾದದ್ದಕ್ಕೂ ಈ ನಿಯಮ ಒಂದು ಕಾರಣ, ಮತ್ತು ಆ ಚರ್ಚೆಯಲ್ಲಿ ನಾನು ಇಡೀ ರಾತ್ರಿಯ ಆಟದ ಪರ. ಆದರೆ ಆ ರಾತ್ರಿ ನಿಯಮವೇ ನಮಗೆ ಒಂದು ಉಡುಗೊರೆ ಕೊಟ್ಟಿತು. ಮೈಕ್ ನಿಂತ ಮೇಲೆ ಹಾಡುಗಾರರು ಸುಮ್ಮನಾಗಲಿಲ್ಲ. ನಾಲ್ಕೈದು ಜನ ಮರಳಿನ ಮೇಲೆ ವೃತ್ತವಾಗಿ ಕೂತರು. ಒಂದು ಗಿಟಾರು, ಒಂದು ಕೊಳಲು, ಒಂದು ಘಟ. ಮೆಲ್ಲಗೆ ಜನ ಸುತ್ತ ಸೇರಿದರು. ಈಗ ಕಡಲೂ ಕೇಳಿಸುತ್ತಿತ್ತು.

ಮಗನಿಗೆ ಮತ್ತೆ ಹಾಕಿದ್ದ ಮಫ್ ತೆಗೆದೆ. ಕಿವಿಯ ಸುತ್ತ ಕೆಂಪಗೆ ಗೆರೆ ಬಿದ್ದಿತ್ತು, ಬೆರಳಿನಿಂದ ಉಜ್ಜಿದೆ. ಅವನು ನಿದ್ದೆಯಿಂದ ಎದ್ದವನು ಅಳದೆ, ಘಟದ ಕಡೆಗೇ ನೋಡುತ್ತಾ ಕೂತ. ಘಟ ನುಡಿಸುತ್ತಿದ್ದವರು ಅವನನ್ನು ಕಂಡು ಬೆರಳುಗಳನ್ನು ಇನ್ನೂ ಮೆತ್ತಗೆ ಮಾಡಿದರು. ಮಗಳು ಹೋಗಿ ಅವರ ಪಕ್ಕ ಕೂತಳು. ಎಲ್ಲಿಂದಲೋ ಇನ್ನೂ ಮೂರು ಮಕ್ಕಳು ಬಂದವು. ಅಷ್ಟು ಹೊತ್ತು ಅವರೆಲ್ಲ ಎಲ್ಲಿದ್ದರೋ, ನಮ್ಮ ಹಾಗೆಯೇ ದೂರದ ಮೂಲೆಗಳಲ್ಲಿ ಅಡಗಿದ್ದಿರಬೇಕು. ಒಬ್ಬಾಕೆ ತನ್ನ ಚಾಪೆಯನ್ನು ನನ್ನ ಚಾಪೆಗೆ ತಾಗಿಸಿ ಹಾಸಿ, ಮಗುವಿಗೆ ಹಾಲೂಡಿಸುತ್ತಾ, "ಬೆಳಗಿನಿಂದ ಒಬ್ಬಳೇ ಅಂದುಕೊಂಡಿದ್ದೆ" ಅಂದಳು. ಅವಳ ಹೆಸರು ಕೇಳಲಿಲ್ಲ. ಹನ್ನೊಂದೂವರೆಯವರೆಗೆ ಹೆಗಲಿಗೆ ಹೆಗಲು ತಾಗಿಸಿ ಕೂತೆವು. ಕಾಪು ದೀಪಸ್ತಂಭದ ಬೆಳಕು ದೂರದಲ್ಲಿ ಬಂದು ಬಂದು ಹೋಗುತ್ತಿತ್ತು. 1901ರಿಂದ ಅದು ಹಾಗೆ ದೋಣಿಯವರನ್ನು ಕಾಯುತ್ತಿದೆ. ಮಗಳು ಪ್ರತಿ ಸಲವೂ "ಬಂತು" ಎನ್ನುತ್ತಿದ್ದಳು, ಆಮೇಲೆ ಆ ಮಾತು ನಿಂತಿತು.

ಬೆಳಿಗ್ಗೆ ಟೆಂಟಿನ ಒಳಗೋಡೆಯೆಲ್ಲ ಇಬ್ಬನಿ. ನಾಲ್ಕು ಜನರ ಉಸಿರು ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿತ್ತು. ರಾತ್ರಿ ಬಾಗಿಲಿನ ಜಾಲರಿ ಇನ್ನಷ್ಟು ತೆರೆದಿಡಬೇಕಿತ್ತು. ಎಂಟೂವರೆಗೆ ಒಳಗೆ ಬೆಂದುಹೋಗುವಷ್ಟು ಸೆಕೆ. ಹಗಲು ಟೆಂಟು ಮಕ್ಕಳ ಜಾಗವೇ ಅಲ್ಲ. ಸೀರೆಯನ್ನು ಬಿಚ್ಚಿ ಎರಡು ಗಾಳಿಮರಗಳ ನಡುವೆ ಜೋಲಿ ಕಟ್ಟಿದೆವು. ಒಬ್ಬರ ಕೈ ಯಾವಾಗಲೂ ಜೋಲಿಯ ಮೇಲೆ, ಒಬ್ಬರ ಕಣ್ಣು ಯಾವಾಗಲೂ ಮಗನ ಮುಖದ ಮೇಲೆ. ಕತ್ತು ಬಾಗಿ ಗಲ್ಲ ಎದೆಗೆ ತಾಗಿದರೆ ಉಸಿರಿಗೆ ತೊಂದರೆ. ಅವನ ಊಟಕ್ಕೆ ರಾಗಿ ಮಣ್ಣಿ, ಫ್ಲಾಸ್ಕಿನ ಬಿಸಿನೀರಿನಲ್ಲಿ ಆಗಾಗಲೇ ಕಲಸಿದ್ದು. ನಮಗೆಲ್ಲ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ. ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಸೀರೆಯನ್ನು ಮತ್ತೆ ಟೆಂಟಿಗೆ ಕಟ್ಟಿದೆ. ಹಾಗೆ ಕಟ್ಟಬೇಕು ಎಂದು ಯಾಕೆ ಅನ್ನಿಸಿತೋ ತಿಳಿಯದು. ಮಗಳು ಹಟ ಮಾಡಿದಳು ಎಂದು ನೆನಪು.

ನಾಲ್ಕೂವರೆಗೆ ಮಗಳು ಕಾಣಲಿಲ್ಲ.

ಅವಳು ಅಪ್ಪನ ಜೊತೆ ಇದ್ದಾಳೆ ಎಂದು ನಾನು, ನನ್ನ ಜೊತೆ ಎಂದು ಅವರು. ನಾವಿಬ್ಬರೂ ಎದುರಾಬದುರು ಬಂದು, ಇಬ್ಬರ ಕೈಯೂ ಖಾಲಿ ಇರುವುದನ್ನು ನೋಡಿದ ಆ ಕ್ಷಣವನ್ನು ಬರೆಯಲು ನನಗೆ ಇನ್ನೂ ಆಗುತ್ತಿಲ್ಲ. ನಾನು ಮೊದಲು ಓಡಿದ್ದು ನೀರಿನ ಕಡೆಗೆ. ಮಕ್ಕಳು ಕಾಣೆಯಾದರೆ ಮೊದಲು ನೀರನ್ನೇ ನೋಡಬೇಕು, ಅದು ತಡ ಮಾಡುವುದಿಲ್ಲ. ಮಗ ನನ್ನ ಎದೆಗೆ ಕಟ್ಟಿಕೊಂಡ ಹಾಗೇ ಇದ್ದ, ನನ್ನ ಓಟಕ್ಕೆ ನಗುತ್ತಿದ್ದ. ಬೆಳಿಗ್ಗೆ ಅವಳ ತೋಳಿನ ಮೇಲೆ ಪೆನ್ನಿನಿಂದ ಫೋನ್ ನಂಬರು ಬರೆದಿದ್ದೆ. ಮಧ್ಯಾಹ್ನ ಅಲೆಯಲ್ಲಿ ಕಾಲಾಡಿಸಿದಾಗ ಅದು ಅಳಿಸಿಹೋದದ್ದನ್ನು ನೋಡಿಯೂ ಇದ್ದೆ. ಮತ್ತೆ ಬರೆಯೋಣ ಎಂದುಕೊಂಡು ಬರೆದಿರಲಿಲ್ಲ.

ಹನ್ನೊಂದು ನಿಮಿಷ. ನನ್ನ ಫೋನಿನಲ್ಲಿ ಗಂಡನಿಗೆ ಮಾಡಿದ ಕರೆಗಳ ಸಮಯ ನೋಡಿ ಆಮೇಲೆ ಲೆಕ್ಕ ಹಾಕಿದ್ದು.

ದಡದ ಉತ್ತರಕ್ಕೆ ಕೈರಂಪಣಿಯವರು ಬಲೆ ಎಳೆಯುತ್ತಿದ್ದರು. ಹಗ್ಗ ಹಿಡಿದು ಸಾಲಾಗಿ ಹಿಂದಕ್ಕೆ ಹೆಜ್ಜೆ ಇಡುವ, ದನಿಗೆ ದನಿ ಸೇರಿಸಿ ಎಳೆಯುವ ಆ ನೋಟ ಅವಳನ್ನು ಸೆಳೆದಿತ್ತು. ಸಾಲಿನ ಕೊನೆಯಲ್ಲಿ ತಾನೂ ಹಗ್ಗ ಹಿಡಿದಿದ್ದಳಂತೆ. ಯಾರ ಮಗು ಎಂದು ಕೇಳಿದಾಗ ಊರಿನ ಹೆಸರು ಹೇಳಲಿಲ್ಲ, ನಮ್ಮ ಹೆಸರೂ ಹೇಳಲಿಲ್ಲ. ತಿರುಗಿ ತೋಪಿನ ಕಡೆ ಕೈ ತೋರಿಸಿ, "ಅಜ್ಜಿ ಸೀರೆಯ ಮನೆ" ಎಂದಳಂತೆ. ಅಷ್ಟೂ ನೀಲಿಯ ನಡುವೆ ಅದೊಂದೇ ಕೆಂಪು. ನಡುವಯಸ್ಸಿನ ಮೀನುಗಾರರೊಬ್ಬರು ಒದ್ದೆ ಲುಂಗಿಯಲ್ಲೇ ಅವಳನ್ನು ಸೊಂಟಕ್ಕೆ ಏರಿಸಿಕೊಂಡು, ಸೀದಾ ಸೀರೆಯನ್ನೇ ನೋಡುತ್ತಾ ನಡೆದು ಬರುತ್ತಿದ್ದರು. ನನ್ನ ಕೈಗೆ ಕೊಟ್ಟು, "ನೀರಿನ ಬದಿ ಒಂದೇ ಬಿಡ್ಬೇಡಿ ಅಕ್ಕ" ಎಂದರು. ನಾನು ಕೈ ಮುಗಿದೆ, ಮಾತು ಬರಲಿಲ್ಲ. ಅವರು ಬಲೆಗೆ ವಾಪಸು ಓಡಿದರು, ಅಲ್ಲಿ ಅವರ ಜಾಗ ಖಾಲಿ ಇತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಂದಿದೆ. ಮಗಳನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವಾಗ ಬಾಯಿಬಿಟ್ಟು ಹೇಳುವುದು, "ಈಗ ನಿನ್ನ ಕೈಯಲ್ಲಿ" ಎಂದು. ಇನ್ನೊಬ್ಬರು "ಹ್ಞೂಂ, ನನ್ನ ಕೈಯಲ್ಲಿ" ಎನ್ನುವವರೆಗೆ ಕಣ್ಣು ತೆಗೆಯುವಂತಿಲ್ಲ. ಜಾತ್ರೆಯಲ್ಲಿ, ಮದುವೆ ಹಾಲಿನಲ್ಲಿ, ಮಲ್ಪೆಯಲ್ಲಿ, ಎಲ್ಲ ಕಡೆ. ಜನ ಹೆಚ್ಚಿದ್ದಷ್ಟೂ ಯಾರೋ ನೋಡುತ್ತಿದ್ದಾರೆ ಎಂಬ ಭ್ರಮೆ ಹೆಚ್ಚು.

ಎರಡನೆಯ ರಾತ್ರಿ ಉಳಿಯುವುದೋ ಬೇಡವೋ ಎಂದು ಬಹಳ ಹೊತ್ತು ಮಾತಾಡಿದೆವು. ನನಗೆ ಹೊರಟುಬಿಡಬೇಕು ಅನ್ನಿಸುತ್ತಿತ್ತು. ಅತ್ತೆ ಮಾವನ ಮಾತು ಸರಿಯಿತ್ತೋ ಏನೋ ಎಂದು ಗಂಡನ ಬಳಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಇಲ್ಲಿ ಮಾತ್ರ ಆಗುವ ತಪ್ಪಲ್ಲ. ಮೊನ್ನೆ ರಥಬೀದಿಯಲ್ಲೂ ಆಗಬಹುದಿತ್ತು" ಅಂದರು. ಅದು ನಿಜ. ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ಉಡುಪಿಯ ರಥಬೀದಿಯಲ್ಲಿ ಅವಳು ಹುಲಿವೇಷದ ಹಿಂದೆ ಹತ್ತು ಹೆಜ್ಜೆ ಹೋದದ್ದನ್ನು ನಾವಿಬ್ಬರೂ ನಗುತ್ತಾ ನೋಡಿದ್ದೆವು. ಉಳಿದೆವು. ಆದರೆ ಅಂದು ವೇದಿಕೆಯ ಕಡೆ ಹೋಗಲಿಲ್ಲ. ಟೆಂಟಿನ ಮುಂದೆಯೇ ಚಾಪೆ ಹಾಸಿ, ಸದ್ದು ದೂರದಿಂದ ಎಷ್ಟು ಬರುತ್ತದೋ ಅಷ್ಟನ್ನೇ ಕೇಳಿದೆವು. ಮಗಳ ಬಲಗೈ ನನ್ನ ಎಡಗೈಯೊಳಗೆ ಇತ್ತು. ಹತ್ತಾದ ಮೇಲೆ ಮತ್ತೆ ಆ ಸಣ್ಣ ವೃತ್ತ ಸೇರಿತು, ಈ ಸಲ ನಮ್ಮ ತೋಪಿನ ಹತ್ತಿರವೇ. ಹಿಂದಿನ ರಾತ್ರಿಯ ಆ ತಾಯಿ ಅವರನ್ನು ಕರೆದುಕೊಂಡು ಬಂದಿದ್ದಳು. "ಇಲ್ಲಿ ಮಕ್ಕಳಿದ್ದಾರೆ, ಇಲ್ಲೇ ಹಾಡಿ" ಎಂದಳಂತೆ.

ಉತ್ಸವದವರಿಗೆ ಆಮೇಲೆ ಒಂದು ಪತ್ರ ಬರೆದೆ. ದೂರು ಕಡಿಮೆ, ಕೇಳಿಕೆ ಹೆಚ್ಚು. ಟೆಂಟಿನ ಜಾಗದಲ್ಲಿ ಒಂದು ಭಾಗವನ್ನು ಮಕ್ಕಳಿರುವವರಿಗೆಂದು ವೇದಿಕೆಯಿಂದ ದೂರ, ಶೌಚಾಲಯ ಮತ್ತು ಕುಡಿಯುವ ನೀರಿಗೆ ಹತ್ತಿರ ಇಡಿ. ಆಗ ತಾಯಂದಿರು ಒಬ್ಬರನ್ನೊಬ್ಬರು ಹುಡುಕಬೇಕಾಗಿಲ್ಲ. ನೀರಿನ ದಡಕ್ಕೂ ಆ ಜಾಗಕ್ಕೂ ನಡುವೆ ಹಗ್ಗ ಕಟ್ಟಿ ಒಬ್ಬರನ್ನು ನಿಲ್ಲಿಸಿ. ಪ್ರವೇಶದಲ್ಲೇ ಮಕ್ಕಳ ಮಣಿಕಟ್ಟಿಗೆ ನೀರಿಗೆ ಅಳಿಯದ ಪಟ್ಟಿ ಕಟ್ಟಿ, ಅದರಲ್ಲಿ ಫೋನ್ ನಂಬರು ಇರಲಿ. ಹಾಲೂಡಿಸಲು ಮರೆ ಇರಲಿ. ಬೇರೆಲ್ಲ ನಾವು ಹೊತ್ತು ತರುತ್ತೇವೆ. ಉತ್ತರ ಬಂದಿದೆ, ಮುಂದಿನ ಸಲ ನೋಡುತ್ತೇವೆ ಎಂದಿದ್ದಾರೆ. ನಾನು ಮತ್ತೆ ಬರೆಯುತ್ತೇನೆ.

ಮನೆಗೆ ಬಂದಾಗ ಮಗನಿಗೆ ಶೀತ ಆಗಿರಲಿಲ್ಲ, ಆದರೆ ಮಗಳಿಗೆ ಎರಡು ದಿನ ಮೂಗು ಸುರಿಯಿತು. ಅತ್ತೆ ಕಷಾಯ ಮಾಡಿಕೊಟ್ಟರು, ಬೈಯಲಿಲ್ಲ. ಹನ್ನೊಂದು ನಿಮಿಷದ ಕಥೆಯನ್ನು ನಾನು ಮೊದಲು ಹೇಳಿದ್ದು ಅಜ್ಜಿಗೆ. ಅವರು ಮಗಳನ್ನು ಹತ್ತಿರ ಕರೆದು ತಲೆ ನೇವರಿಸಿದರು. ಮಾವನೂ ಐದು ವರ್ಷದವರಿದ್ದಾಗ ಒಂದು ಆಟದ ರಾತ್ರಿ ಕಾಣೆಯಾಗಿ, ವೇಷದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಪೆಟ್ಟಿಗೆಯ ಪಕ್ಕ ನಿದ್ದೆ ಹೋಗಿದ್ದರಂತೆ. ಬಣ್ಣದ ವೇಷದವರೇ ಅರ್ಧ ಮುಖಕ್ಕೆ ಬಣ್ಣ ಬರೆದುಕೊಂಡ ಹಾಗೇ ಎತ್ತಿಕೊಂಡು ಬಂದು ಕೊಟ್ಟರಂತೆ. "ಅವತ್ತು ನಾನು ಅತ್ತಷ್ಟು ಯಾವತ್ತೂ ಅಳಲಿಲ್ಲ" ಎಂದರು. ಅರವತ್ತು ವರ್ಷದಿಂದ ಆ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ಮಾವನಿಗೂ.

ಆಮೇಲೆ ಅಜ್ಜಿ ಸೀರೆ ಕೇಳಿದರು. ಅಂಗಳಕ್ಕೆ ತೆಗೆದುಕೊಂಡು ಹೋಗಿ, ಎರಡು ತುದಿ ನನಗೆ ಕೊಟ್ಟು, ಎರಡು ತಾನು ಹಿಡಿದು ಕೊಡವಿದರು. ಮರಳು, ಗಾಳಿಮರದ ಒಣಗಿದ ಸೂಜಿ ಎಲೆಗಳು ಉದುರಿದವು. ಮಡಚಿ ಪೆಟ್ಟಿಗೆಗೆ ಹಾಕುತ್ತಾರೆ ಅಂದುಕೊಂಡೆ. ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಒಳಗಿದ್ದ ಮಗಳನ್ನು ಕೂಗಿ ಕೇಳಿದರು:

"ಶನಿವಾರ ಮೇಲಿನ ಗದ್ದೆಯಲ್ಲಿ ಹರಕೆ ಆಟ ಉಂಟು. ಬರ್ತಿಯಾ?"